ಹುಲ್ಲಿನ ಮೇಲೆ ಕುಳಿತ ಮರಿ

ಕೇಳುಗರಿಗೆ ನಮಸ್ಕಾರ.

ವಸಂತ ಕಾಲಿಟ್ಟಂದಿನಿಂದ ಬೇಸಿಗೆ ಮುಗಿಯುವವರೆಗೆ ಸಾರ್ವಜನಿಕ ಉದ್ಯಾನಕ್ಕೆ ವಾಯುವಿಹಾರಕ್ಕೆಂದು ಹೋಗುವವರು ಒಂದಲ್ಲ ಒಂದು ದಿನ ಹುಲ್ಲಿನ ಮೇಲೆ ಒಂಟಿಯಾಗಿ ಕುಳಿತು ಚಿಲಿಗುಟ್ಟುವ ಹಕ್ಕಿಮರಿಯನ್ನು ಕಾಣುತ್ತಾರೆ. ಕಂಡವರಲ್ಲಿ ಅನೇಕರು ಅದು ಗೂಡಿನಿಂದ ಬಿದ್ದ ತಬ್ಬಲಿಯೆಂದು ಮರುಗಿ, ಎತ್ತಿಕೊಳ್ಳಲು ಬಾಗುತ್ತಾರೆ. ಬಾಗುವ ಮುನ್ನ ಅದನ್ನು ತುಸು ದೂರದಿಂದ ನಿಟ್ಟಿಸಿ ನೋಡಬೇಕೆಂಬುದು ನನ್ನ ಕೋರಿಕೆ.

ಮೈತುಂಬ ಪುಕ್ಕ ಬಂದು, ಬಾಲ ಮಾತ್ರ ಮೋಟಾಗಿದ್ದು, ಕಟವಾಯಿಯ ಹಳದಿ ಅಂಚು ಇನ್ನೂ ಮಾಸದೆ, ತನ್ನ ಕಾಲ ಮೇಲೆ ನಿಂತು ಕುಪ್ಪಳಿಸಬಲ್ಲದಾದರೆ ಅದು ಬಹುಮಟ್ಟಿಗೆ ತಾನಾಗಿಯೇ ಗೂಡು ಬಿಟ್ಟ ಮರಿ. ಗುಬ್ಬಿಮರಿ ಮೊಟ್ಟೆಯೊಡೆದ ಸುಮಾರು 2 ವಾರಗಳಲ್ಲಿ ಗೂಡು ತೊರೆಯುತ್ತದೆ. ಸರಾಗವಾಗಿ ಹಾರುವುದೂ ಆಹಾರ ಹುಡುಕುವುದೂ ಆಮೇಲಿನ ಮಾತು. ಆ ನಡುವಿನ ದಿನಗಳಲ್ಲಿ ತಾಯಿತಂದೆಗಳು ಹುಳು ಕಚ್ಚಿ ತಂದು ಗುಟುಕು ಕೊಡುತ್ತಿರುತ್ತವೆ. ಕಾಳು ತಿಂದು ಬದುಕುವ ಗುಬ್ಬಿಯೂ ಮರಿಗೆ ಉಣಿಸುವುದು ಹೆಚ್ಚಾಗಿ ಕೀಟಗಳನ್ನೇ, ಏಕೆಂದರೆ ಬೆಳೆಯುವ ಮೈಗೆ ಪ್ರೋಟೀನು ಬೇಕು. ನಾವು ಪಕ್ಕದಲ್ಲೇ ನಿಂತಿರುವಷ್ಟು ಹೊತ್ತು ಅವು ಹತ್ತಿರ ಸುಳಿಯಲು ಅಂಜುವುದರಿಂದ, ಮರಿ ತಬ್ಬಲಿಯಂತೆ ಕಾಣುವುದಕ್ಕೆ ಎಷ್ಟೋ ಸಲ ನಾವೇ ಕಾರಣ.

ಪುಕ್ಕ ಮೂಡದ, ಕಣ್ಣು ತೆರೆಯದ ಮರಿಯ ಸಂಗತಿ ಬೇರೆ. ಗೂಡು ಕೈಗೆಟಕುವಂತಿದ್ದರೆ ಅದನ್ನು ಮೆಲ್ಲನೆ ಗೂಡಿಗೇ ಮರಳಿಸಬಹುದು. ಮನುಷ್ಯರ ವಾಸನೆ ತಗುಲಿದ ಮರಿಯನ್ನು ಹಕ್ಕಿ ಮುಟ್ಟದು ಎಂಬ ಮಾತು ಹಳೆಯದಾದರೂ ನಿಜವಲ್ಲ.

ಕೊಳದ ಬಾತುಮರಿಗಳು ಈ ವಿಷಯದಲ್ಲಿ ಜಾಣರು. ಮೊಟ್ಟೆಯೊಡೆದ ಒಂದು ದಿನದೊಳಗೇ ನಡೆಯುತ್ತವೆ, ಈಜುತ್ತವೆ. 1973ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ ತೋರಿಸಿಕೊಟ್ಟಂತೆ, ಹೆಬ್ಬಾತಿನ ಮರಿಗಳು ಹುಟ್ಟಿದ ಹೊಸತರಲ್ಲಿ ಕಂಡ, ಚಲಿಸುವ ಜೀವಿಯನ್ನೇ ತಾಯಿಯೆಂದು ಬಗೆದು ಹಿಂಬಾಲಿಸುತ್ತವೆ. ಅವರ ಹಿಂದೆಯೇ ಸಾಲುಗಟ್ಟಿ ನಡೆದದ್ದೂ ಉಂಟು. ಆದರೂ ಮೈ ಬೆಚ್ಚಗಿರಲು ಬಾತುಮರಿಗಳಿಗೆ ತಾಯಿಯ ರೆಕ್ಕೆಯೇ ಬೇಕಾದ್ದರಿಂದ, ಕಟ್ಟು ಬಿಚ್ಚಿದ ನಾಯಿಯೊಂದು ಆ ಸಾಲನ್ನು ಚದುರಿಸಿದರೆ ಹಿಂದುಳಿದ ಮರಿ ಚಳಿಗೆ ಸಾಯಬಹುದು. ನಾವು ಎಸೆಯುವ ಬ್ರೆಡ್ಡು ಅವುಗಳ ಹೊಟ್ಟೆ ತುಂಬಿಸುತ್ತದೆಯೇ ಹೊರತು ಪೋಷಿಸುವುದಿಲ್ಲ.

ಒಮ್ಮೆ ಇಂಥದೇ ಗುಬ್ಬಿಮರಿಯೊಂದನ್ನು ಕಂಡು, ಎತ್ತಿಕೊಳ್ಳುವ ಆಸೆಯನ್ನು ಕಷ್ಟಪಟ್ಟು ತಡೆದು, ದೂರದ ಬೆಂಚಿಗೆ ಹೋಗಿ ಕುಳಿತೆ. ಬಹಳ ಹೊತ್ತು ಏನೂ ನಡೆಯಲಿಲ್ಲ. ಕಡೆಗೆ ಬೇಲಿಯ ಗಿಡದೊಳಗಿಂದ ಗಂಟಲ ಬಳಿ ಕಪ್ಪು ಮಚ್ಚೆಯಿರುವ ಗಂಡುಗುಬ್ಬಿಯೊಂದು ಇಳಿದು ಬಂತು. ಮರಿ ರೆಕ್ಕೆಗಳೆರಡನ್ನೂ ಅದುರಿಸುತ್ತ ಬಾಯಿ ತೆರೆಯಿತು, ಹಸಿರು ಹುಳುವೊಂದು ಒಳಗೆ ಹೋಯಿತು, ತಂದೆಯ ಹಿಂದೆಯೇ ಕುಪ್ಪಳಿಸುತ್ತ ಮರಿಯೂ ಬೇಲಿಯೊಳಗೆ ಮರೆಯಾಯಿತು.