ಲೋಸಾರ್ ಕಳೆದ ಮೇಲಿನ ತಪಾಸಣೆ

ಕೇಳುಗರಿಗೆ ನಮಸ್ಕಾರ. ಬೈಲಕುಪ್ಪೆಗೆ ಹೋದ ನಾವು ಗೋಲ್ಡನ್ ಟೆಂಪಲ್ ನೋಡಿ ಹಿಂದಿರುಗುತ್ತೇವೆ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಅಲ್ಲಿ ನೆಲೆಯೂರಿದ ಟಿಬೆಟನ್ ಕುಟುಂಬಗಳ ಹೆಂಗಸರ ಆರೋಗ್ಯ ನಮ್ಮ ಮಾತಿನಲ್ಲಿ ಸುಳಿಯುವುದೇ ಅಪರೂಪ. ಅವರ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಬಗ್ಗೆ ಇಂದು ಮಾತನಾಡಬೇಕೆನಿಸಿದೆ.

ಎಚ್‌ಪಿವಿ ಎಂಬ ವೈರಸ್ಸಿನ ಸೋಂಕು ದೇಹದಲ್ಲಿ ಬಹುಕಾಲ ಉಳಿದಾಗ ಬರುವ ಈ ಕಾಯಿಲೆ ಬಲಿಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ದೀರ್ಘ ಅವಕಾಶವಿದ್ದೂ ಒಬ್ಬ ತಾಯಿಯನ್ನು ಕಳೆದುಕೊಳ್ಳುವುದನ್ನು ವಿಧಿಯೆಂದು ಒಪ್ಪಿಕೊಳ್ಳಲು ನನ್ನಿಂದ ಸಾಧ್ಯವಿಲ್ಲ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿಚುವ ಜಾಗವನ್ನು ಗುರುತಿಸುವ ಸರಳ ಪರೀಕ್ಷೆ 30 ದಾಟಿದ ಹೆಂಗಸರಿಗಾಗಿ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿಯೇ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49ರ ವಯಸ್ಸಿನ ನೂರು ಹೆಂಗಸರಲ್ಲಿ ಇಬ್ಬರೂ ಈ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಂಡಿರಲಿಲ್ಲ. ನಾಡಿನವರ ಗತಿಯೇ ಹೀಗಿರುವಾಗ ನಿರಾಶ್ರಿತೆಯ ಸರದಿ ಯಾವಾಗ?

ಅವಳ ಬದುಕಿಗೆ ಅದರದೇ ಆದ ಕಾಲಮಾನವಿದೆ. ಚಳಿಗಾಲ ಹತ್ತಿರವಾಗುತ್ತಿದ್ದಂತೆ ಶಿಬಿರದ ಎಷ್ಟೋ ಹೆಂಗಸರು ಸ್ವೆಟರ್ ಮಾರಲು ದೂರದ ಊರುಗಳಿಗೆ ಹೊರಟು, ಬಾಡಿಗೆ ಕೋಣೆಗಳಲ್ಲಿ ತಿಂಗಳುಗಟ್ಟಲೆ ಉಳಿದು, ಹೊಸ ವರ್ಷವಾದ ಲೋಸಾರ್ ಹಬ್ಬದ ಹೊತ್ತಿಗೆ ಮನೆ ಸೇರುತ್ತಾರೆ. ಡಿಸೆಂಬರಿನಲ್ಲಿ ತಪಾಸಣಾ ಶಿಬಿರ ನಡೆಸಿ, ಜನ ಬರಲಿಲ್ಲವೆಂದು ಬರೆದುಕೊಂಡರೆ ತಪ್ಪು ಯಾರದು? ಲೋಸಾರ್ ಕಳೆದ ವಾರಗಳಲ್ಲಿ ತಪಾಸಣೆ ನಡೆಯಲಿ. ಬಿಳಿಚಿದ ಗುರುತು ಕಂಡವರಲ್ಲಿ ಸಾಧ್ಯವಿದ್ದವರಿಗೆ ಅಂದೇ ಚಿಕಿತ್ಸೆಯಾಗಲಿ, ಏಕೆಂದರೆ ಮುಂದಿನ ತಿಂಗಳು ಬನ್ನಿ ಎಂಬ ಚೀಟಿ ವ್ಯಾಪಾರದ ಓಡಾಟದಲ್ಲಿ ಕಳೆದುಹೋಗುತ್ತದೆ. ಅಂಥ ಗುರುತು ಕಂಡ ಮಾತ್ರಕ್ಕೆ ಅದು ಕ್ಯಾನ್ಸರ್ ಅಲ್ಲ ಎಂಬುದನ್ನು ಮೊದಲೇ ತಿಳಿಸಬೇಕು. ಆ ಭಯವೇ ಎಷ್ಟೋ ಜನರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುತ್ತದೆ.

ಪರೀಕ್ಷೆಯ ಮೇಜಿನ ಮೇಲೆ ಮಲಗಲು ಸಂಕೋಚಪಡುವವರಿಗೆ ಇನ್ನೊಂದು ದಾರಿಯಿದೆ. ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಂಗಸು ತಾನೇ, ಬಾಗಿಲು ಹಾಕಿಕೊಂಡು, ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿದೆ. ಅದರ ಖರ್ಚು ಹೆಚ್ಚೆಂಬುದು ನಿಜ. ಆದರೂ ನಿರಾಶ್ರಿತರ ನೆಲೆಗಳಲ್ಲಿಯೇ ಅದನ್ನು ಮೊದಲು ಆರಂಭಿಸಬೇಕೆಂಬುದು ನನ್ನ ಒತ್ತಾಯ.

ಕನ್ನಡ ಮಾತನಾಡುವ ನರ್ಸ್ ಮತ್ತು ಟಿಬೆಟನ್ ಮಾತ್ರ ಬಲ್ಲ ಅಜ್ಜಿಯ ನಡುವೆ ಮಗನೋ ಮೊಮ್ಮಗನೋ ದುಭಾಷಿಯಾಗಿ ನಿಂತರೆ, ಮುಟ್ಟು ನಿಂತ ಮೇಲೂ ರಕ್ತಸ್ರಾವವಾಗುತ್ತಿದೆ ಎಂಬ ಮಾತನ್ನು ಆಕೆ ಹೇಳುವುದಿಲ್ಲ. ಆ ಕೋಣೆಯಲ್ಲಿ ಅವಳ ಭಾಷೆಯ ಒಬ್ಬ ಹೆಣ್ಣುಮಗಳು ಇರಲೇಬೇಕು.