ಹೃದಯದ ಮೂಲೆಯಲ್ಲೊಂದು ಕಿರುಚೀಲ

ಹೃದಯದ ಎಡ ಮೇಲ್ಕೋಣೆಗೆ ಅಂಟಿಕೊಂಡಂತೆ ಹೆಬ್ಬೆರಳು ಗಾತ್ರದ ಒಂದು ಚೀಲವಿದೆ. ವೈದ್ಯರು ಅದನ್ನು ಅಪೆಂಡೇಜ್ ಎನ್ನುತ್ತಾರೆ. ಇಂದಿನ ನನ್ನ ಮಾತೆಲ್ಲ ಈ ಚೀಲದ ಸುತ್ತಲೇ.

ಏಟ್ರಿಯಲ್ ಫಿಬ್ರಿಲೇಶನ್ ಎಂಬ ಹೃದಯಬಡಿತದ ಕಾಯಿಲೆ ಇರುವವರಲ್ಲಿ ಮೇಲ್ಕೋಣೆ ಸರಿಯಾಗಿ ಹಿಂಡಿಕೊಳ್ಳದೆ ಬರಿದೇ ಅದುರುತ್ತಿರುತ್ತದೆ. ನಿಧಾನವಾದ ರಕ್ತ ಮೂಲೆಯಲ್ಲಿ ಹೆಪ್ಪುಗಟ್ಟುತ್ತದೆ, ಅದರ ಚೂರೊಂದು ಮೆದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು. ಈ ಕಾಯಿಲೆ ಇದ್ದವರಿಗೆ ಆ ಅಪಾಯ ಸುಮಾರು ಐದು ಪಟ್ಟು. ಕವಾಟದ ತೊಂದರೆ ಇಲ್ಲದವರಲ್ಲಿ ಶೇ. 90ರಷ್ಟು ಹೆಪ್ಪುಗಳು ಹುಟ್ಟುವುದು ಈ ಚೀಲದಲ್ಲೇ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೇ ಮೊದಲ ಮದ್ದು. "ನನಗೆ ಆ ಮಾತ್ರೆ ಆಗಿಬರುವುದಿಲ್ಲ" ಎಂದು ಯಾರಾದರೂ ಅಂದರೆ, ಹಾಗೆಂದು ಹೇಳಿದವರು ಯಾರು, ಯಾವಾಗ ಎಂದು ಕೇಳುವುದು ನನ್ನ ಅಭ್ಯಾಸ. ವಯಸ್ಸಾಯಿತು, ಒಮ್ಮೆ ಕಾಲು ಜಾರಿ ಬಿದ್ದರು, ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಕಂಡಿತು: ಮಾತ್ರೆಯನ್ನು ಶಾಶ್ವತವಾಗಿ ಬಿಡಲು ಇಷ್ಟು ಸಾಲದು. ಹೊಟ್ಟೆಯ ಹುಣ್ಣು ವಾಸಿಯಾಗುತ್ತದೆ, ರಕ್ತದೊತ್ತಡ ಹತೋಟಿಗೆ ಬರುತ್ತದೆ, ಮನಬಂದಂತೆ ನುಂಗುತ್ತಿದ್ದ ನೋವಿನ ಮಾತ್ರೆಯನ್ನು ನಿಲ್ಲಿಸಬಹುದು. "ಹಾಗಾದರೆ ಆಸ್ಪಿರಿನ್ ಆದರೂ ಇರಲಿ" ಎಂಬ ಸಮಾಧಾನವಂತೂ ನನಗೆ ಒಪ್ಪಿಗೆಯಿಲ್ಲ. ವಾರ್ಫರಿನ್ ಎಂಬ ಹಳೆಯ ಹೆಪ್ಪುತಡೆ ಮಾತ್ರೆ ಹೊಂದದ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅವೆರೋಸ್ ಅಧ್ಯಯನದಲ್ಲಿ, ಆಸ್ಪಿರಿನ್ ಪಡೆದವರ ಪೈಕಿ ವರ್ಷಕ್ಕೆ ಶೇ. 3.7 ಮಂದಿಗೆ ಪಾರ್ಶ್ವವಾಯು ಅಥವಾ ಬೇರೆಡೆ ರಕ್ತನಾಳದ ತಡೆ ಉಂಟಾಯಿತು. ಹೊಸ ಬಗೆಯ ಹೆಪ್ಪುತಡೆ ಮಾತ್ರೆಯಾದ ಅಪಿಕ್ಸಬಾನ್ ಪಡೆದವರಲ್ಲಿ ಶೇ. 1.6. ದೊಡ್ಡ ರಕ್ತಸ್ರಾವದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಇಷ್ಟೆಲ್ಲ ಸೋಸಿದ ಮೇಲೂ ಕೆಲವರು ಉಳಿಯುತ್ತಾರೆ. ಮೆದುಳಿನೊಳಗೆ ಮತ್ತೆ ಮತ್ತೆ ರಕ್ತ ಸೋರುವವರು, ಕರುಳಿನ ಸ್ರಾವಕ್ಕೆ ಪರಿಹಾರವೇ ಸಿಗದವರು. ಚೀಲದ ಬಾಯಿ ಮುಚ್ಚುವ ಯೋಚನೆ ಬರುವುದು ಇಂಥವರಿಗಾಗಿ.

ತೊಡೆಸಂದಿನ ರಕ್ತನಾಳದಿಂದ ಕೊಳವೆ ತೂರಿಸಿ, ಹೃದಯದ ಬಲ ಮೇಲ್ಕೋಣೆಗೆ ಹೋಗಿ, ನಡುಗೋಡೆಯಲ್ಲಿ ಸೂಜಿಯಿಂದ ಸಣ್ಣ ರಂಧ್ರ ಮಾಡಿ ಎಡಕ್ಕೆ ದಾಟುತ್ತಾರೆ. ಕೊಳವೆಯೊಳಗೆ ಮಡಚಿಟ್ಟಿದ್ದ ನಿಟಿನಾಲ್ ಎಂಬ ಲೋಹದ ತಂತಿಯ ಬಲೆ ಚೀಲದ ಬಾಯಲ್ಲಿ ಛತ್ರಿಯಂತೆ ಅರಳುತ್ತದೆ. ಬಿಡುವ ಮುನ್ನ ಮೆಲ್ಲಗೆ ಜಗ್ಗಿ ನೋಡುತ್ತಾರೆ. ಅಲುಗಾಡಿದರೆ ಮಡಚಿ ಹಿಂದಕ್ಕೆಳೆದು ಮತ್ತೆ ಕೂರಿಸುತ್ತಾರೆ. ಈ ಜಗ್ಗಾಟ ನೋಡುವವರಿಗೆ ಎದೆ ಝಲ್ಲೆನಿಸುತ್ತದೆ, ಮಾಡುವವರಿಗೆ ಅದೇ ಧೈರ್ಯ. ವಾಚ್‌ಮನ್ ಎಂಬ ಇಂಥ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿತು.

ಸಾಧನ ಕೂರಿಸಿದ ದಿನವೇ ಮಾತ್ರೆಗಳಿಗೆ ವಿದಾಯ ಹೇಳಬಹುದು ಎಂದುಕೊಳ್ಳಬೇಡಿ. ಬಲೆಯ ಮೇಲೆ ದೇಹದ ತೆಳುಪೊರೆ ಬೆಳೆಯಲು ವಾರಗಳು ಬೇಕು, ಅಷ್ಟು ಕಾಲ ಯಾವುದಾದರೊಂದು ಔಷಧ, ಹಲವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್, ಬೇಕೇ ಬೇಕು. ಅದನ್ನೂ ತಾಳಲಾರದ ದೇಹವಾದರೆ ವೈದ್ಯರಿಗೆ ಮೊದಲೇ ತಿಳಿಸಿ. ಅಪರೂಪಕ್ಕೆ ಹೃದಯದ ಹೊದಿಕೆಯೊಳಗೆ ರಕ್ತ ತುಂಬಬಹುದು, ಸಾಧನದ ಮೇಲೆಯೇ ಹೆಪ್ಪು ಕಟ್ಟಬಹುದು, ಅಂಚಿನಲ್ಲಿ ಸಂದು ಉಳಿಯಬಹುದು. ಅದಕ್ಕೇ ಕೆಲವು ವಾರಗಳ ನಂತರ ಅನ್ನನಾಳದ ಮೂಲಕ ಸ್ಕ್ಯಾನ್ ಮಾಡಿ ಚೀಲದ ಬಾಯಿ ಪೂರ್ತಿ ಮುಚ್ಚಿದೆಯೇ ಎಂದು ನೋಡುತ್ತಾರೆ.

ಎಡ ಮೇಲ್ಕೋಣೆಯ ಬಾಗಿಲಾದ ಮೈಟ್ರಲ್ ಕವಾಟ ತೀರಾ ಕಿರಿದಾದವರಿಗೆ ಇದು ಹೊಂದುವುದಿಲ್ಲ. ಅವರಲ್ಲಿ ಹೆಪ್ಪು ಚೀಲದ ಹೊರಗೆ, ಕೋಣೆಯಲ್ಲೇ ಕಟ್ಟುವುದುಂಟು.