ಮೊದಲು ಹೊಗೆ ನೋಡಿ

ಕೇಳುಗರಿಗೆ ನಮಸ್ಕಾರ.

ಮೆಣಸಿನಕಾಯಿ ಹಂಗಾಮಿನ ಒಂದು ಬೆಳಿಗ್ಗೆ ಬ್ಯಾಡಗಿಯಿಂದ ಫೋನ್ ಬಂತು. ಹಳೆಯ ಲಾರಿ. ರಾತ್ರಿ ಚೆನ್ನಾಗಿಯೇ ಓಡಿ ಬಂದು ನಿಂತಿದೆ, ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ. ನಾನು ಹುಬ್ಬಳ್ಳಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಡ್ರೈವರ್ ಸೆಲ್ಫ್ ಹೊಡೆದು ಹೊಡೆದು ಸುಸ್ತಾಗಿದ್ದರು. ಸುತ್ತ ನಿಂತವರು ಡೀಸೆಲ್ ಪಂಪು ಬಿಚ್ಚಿಸಿ ಅಂತ ಆಗಲೇ ಹೇಳಿಬಿಟ್ಟಿದ್ದರು. ಪಂಪು ಬಿಚ್ಚಿದರೆ ಆ ದಿನದ ಬಾಡಿಗೆ ಹೋಯಿತು ಅಂತಲೇ ಲೆಕ್ಕ.

ನಾನು ಕೇಳಿದ್ದು ಇಷ್ಟೇ. ಸೆಲ್ಫ್ ಹೊಡೆದಾಗ ಸೈಲೆನ್ಸರಿನಲ್ಲಿ ಹೊಗೆ ಬರುತ್ತಾ? ಅವರು ನೋಡಿರಲಿಲ್ಲ. ಕ್ಯಾಬಿನ್ನಿನಲ್ಲಿ ಕೂತವರಿಗೆ ಅದು ಕಾಣುವುದೂ ಇಲ್ಲ. ಕ್ಲೀನರನ್ನು ಹೊರಗೆ ನಿಲ್ಲಿಸಿ ನೋಡಿಸಬೇಕು.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ ಅಲ್ವಾ? ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ 500 ಡಿಗ್ರಿವರೆಗೆ ಕಾಯಿಸುತ್ತದೆ. ಅದರೊಳಗೆ ಡೀಸೆಲ್ ಚಿಮ್ಮಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪಿಲ್ಲ. ಇನ್ನು ಎಂಜಿನ್ ನಿಧಾನವಾಗಿ ತಿರುಗಿದರೆ ಡೀಸೆಲ್ ತಂಟೆಗೇ ಹೋಗಬೇಡಿ. ಮೊದಲು ಬ್ಯಾಟರಿ, ಟರ್ಮಿನಲ್, ಅರ್ತ್ ವೈರು ನೋಡಿ.

ಬ್ಯಾಡಗಿಯ ಲಾರಿ ಜೋರಾಗಿ ತಿರುಗುತ್ತಿತ್ತು, ಹೊಗೆ ಚೂರೂ ಇರಲಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಸಿಕ್ಕಿಕೊಂಡಿರಲಿಲ್ಲ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪು ಒತ್ತಿದೆ. ಬುಸ್ ಅಂತ ನೊರೆ ಬಂತು. ಏರ್ ಹಿಡಿದಿದೆ, ಅಂದರೆ ಡೀಸೆಲ್ ದಾರಿಯಲ್ಲಿ ಗಾಳಿ ಸೇರಿದೆ ಅಂತ ಖಾತ್ರಿಯಾಯಿತು. ಆದರೆ ಎಷ್ಟು ಒತ್ತಿದರೂ ಗುಳ್ಳೆ ನಿಲ್ಲಲಿಲ್ಲ.

ಇಲ್ಲೇ ತುಂಬಾ ಜನ ಮೋಸ ಹೋಗುವುದು. ಎಲ್ಲೂ ಡೀಸೆಲ್ ಸೋರುತ್ತಿಲ್ಲ, ಪೈಪೆಲ್ಲ ಸರಿ ಇದೆ ಅನ್ನುತ್ತಾರೆ. ಟ್ಯಾಂಕಿನಿಂದ ಡೀಸೆಲ್ ತರುವ ಸಣ್ಣ ಪಂಪಿಗೆ ಫೀಡ್ ಪಂಪು ಅನ್ನುತ್ತಾರೆ. ಟ್ಯಾಂಕಿನಿಂದ ಅಲ್ಲಿಯವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಪಂಪು ಎಳೆದುಕೊಳ್ಳುತ್ತದೆ, ತಳ್ಳುವುದಿಲ್ಲ. ಅಲ್ಲಿ ಬಿರುಕು ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳದೇ ಇರಬಹುದು. ಓಡುವಾಗ ಹೇಗೋ ಸುಧಾರಿಸಿಕೊಂಡು ಹೋಗುತ್ತದೆ. ರಾತ್ರಿ ನಿಂತಾಗ ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ.

ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ಹಿಡಿದು, ಬೇರೆ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಕೊಟ್ಟೆ. ಗುಳ್ಳೆ ನಿಂತಿತು. ಆಮೇಲೆ ಹಳೆಯ ಪೈಪನ್ನು ಗೇಣು ಗೇಣಾಗಿ ಬಗ್ಗಿಸಿ ನೋಡುತ್ತ ಹೋದೆ. ಕ್ಲಿಪ್ಪಿನ ಬುಡದಲ್ಲಿ ಉಗುರಿನ ಗೀರಿನಷ್ಟು ಸೀಳು. ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಆ ತುದಿ ಕತ್ತರಿಸಿ, ಹೊಸ ಕ್ಲಿಪ್ ಹಾಕಿ, ಏರ್ ತೆಗೆದೆ. ಎರಡನೇ ಸಲಕ್ಕೆ ಎಂಜಿನ್ ಎದ್ದಿತು. ಡ್ರೈವರ್ ಮುಖ ನೋಡಿ ನನಗೇ ಹೊಟ್ಟೆ ತುಂಬಿತು.

ಸೆಲ್ಫನ್ನು ಒಂದೇ ಸಮನೆ ಹೊಡೆಯಬೇಡಿ. 10-15 ಸೆಕೆಂಡು ಸಾಕು, ಆಮೇಲೆ ಎರಡು ನಿಮಿಷ ಬಿಡಿ. ಮೋಟಾರು ಸುಟ್ಟರೆ ಒಂದಕ್ಕೆ ಎರಡು ಖರ್ಚು. ಬೆಂಕಿ ಹಚ್ಚಿದ ಬಟ್ಟೆಯನ್ನು ಎಂಜಿನ್ ಗಾಳಿ ಎಳೆಯುವ ಪೈಪಿನ ಹತ್ತಿರ ಹಿಡಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ಕಾಮನ್ ರೈಲ್ ಇರುವ, ಅಂದರೆ ಒಂದೇ ಕೊಳವೆಯಿಂದ ಎಲ್ಲ ನಾಝಲ್‌ಗಳಿಗೂ ಭಾರೀ ಒತ್ತಡದ ಡೀಸೆಲ್ ಹೋಗುವ ಹೊಸ ಲಾರಿಗಳ ವಿಷಯ ಬೇರೆ. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್‌ನ ಪೈಪು ಸಡಿಲಿಸಿ ಏರ್ ತೆಗೆಯುವ ಹಳೆಯ ಅಭ್ಯಾಸ ಅಲ್ಲಿ ಬೇಡವೇ ಬೇಡ. ಆ ಪೈಪಿನಲ್ಲಿ 1000 ಬಾರ್‌ಗೂ ಜಾಸ್ತಿ ಒತ್ತಡ ಇರುತ್ತದೆ. ಕೂದಲಿನಷ್ಟು ಸಣ್ಣಗೆ ಚಿಮ್ಮಿದ ಡೀಸೆಲ್ಲೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ತೊಳೆದು ಸುಮ್ನೆ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ನುಗ್ಗಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ನಮಸ್ಕಾರ.